ಹೂವು ಕಾಯುವುದಿಲ್ಲ

1925ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ‘ನಾರ್ತ್ ಅಮೆರಿಕನ್ ವೈಲ್ಡ್ ಫ್ಲವರ್ಸ್’ ಎಂಬ ದೊಡ್ಡ ಗ್ರಂಥವನ್ನು ಹೊರತರಲು ಶುರುಮಾಡಿತು. ಐದು ಸಂಪುಟ, 400 ಚಿತ್ರ, ಎಲ್ಲವೂ ಕಾಡುಹೂಗಳ ಜಲವರ್ಣ. ಅವನ್ನೆಲ್ಲ ಬರೆದ ಕೈ ಒಂದೇ: ಮೇರಿ ವಾಕ್ಸ್ ವಾಲ್ಕಾಟ್. ಆಗ ಆಕೆಯ ವಯಸ್ಸು 65ರ ಆಸುಪಾಸು. ಇಂಥ ಬದುಕನ್ನು ಕಂಡಾಗ ನಮ್ಮ ಬಾಯಿಗೆ ಥಟ್ಟನೆ ಬರುವ ಮಾತು ‘ತಡವಾಗಿ ಅರಳಿದ ಪ್ರತಿಭೆ’. ಕೇಳಲು ಹಿತವಾದ ಮಾತು. ವಯಸ್ಸಾದವರಿಗೆ ಧೈರ್ಯ ಹೇಳಲು ಒದಗುತ್ತದೆ. ಆದರೆ ಮೇರಿಯ ಬದುಕಿನ ವಿವರಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಈ ಮಾತನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗುತ್ತಿದೆ. ತಡವಾದದ್ದು ಯಾವುದು? ಪ್ರತಿಭೆಯೋ, ಅದನ್ನು ಬೇಕೆಂದು ಕೇಳಿದ ಲೋಕವೋ?

ಮೇರಿ ಹುಟ್ಟಿದ್ದು 1860ರ ಜುಲೈ 31ರಂದು, ಫಿಲಡೆಲ್ಫಿಯಾದ ಅನುಕೂಲಸ್ಥ ಕ್ವೇಕರ್ ಮನೆತನದಲ್ಲಿ. ಎಂಟನೆಯ ವಯಸ್ಸಿನಲ್ಲಿ ಕೈಗೆ ಬಣ್ಣದ ಡಬ್ಬಿ ಬಂತು. 1879ರಲ್ಲಿ ಶಾಲೆ ಮುಗಿಯಿತು. ಮರುವರ್ಷವೇ ತಾಯಿ ತೀರಿಕೊಂಡರು. ಮನೆಯಲ್ಲಿ ಉಳಿದವರು ತಂದೆ ಮತ್ತು ಇಬ್ಬರು ತಮ್ಮಂದಿರು. ಕಿರಿಯವನಿಗೆ ಇನ್ನೂ ಎಂಟು ವರ್ಷ. ಇಪ್ಪತ್ತು ತುಂಬುವ ಹೊತ್ತಿಗೆ ಹುಡುಗಿ ಆ ಮನೆಯ ಯಜಮಾನಿಯಾಗಿದ್ದಳು. ಆ ಜವಾಬ್ದಾರಿಯಿಂದ ಹೊರಬಂದದ್ದು 1914ರಲ್ಲಿ, ಮದುವೆಯಾದಾಗ. ಆಗ ಆಕೆ 54ರ ಹೊಸ್ತಿಲಲ್ಲಿದ್ದರು. ನಡುವಿನ ಮೂವತ್ತನಾಲ್ಕು ವರ್ಷ ತಂದೆಯ ಊಟ, ತಮ್ಮಂದಿರ ಓದು, ಬಂದುಹೋಗುವ ನೆಂಟರು, ಆಳುಕಾಳುಗಳ ಉಸ್ತುವಾರಿ. ಇಂಥ ಅಕ್ಕಂದಿರನ್ನು ನಾವೆಲ್ಲರೂ ಬಲ್ಲೆವು. ಮನೆಯ ಗೋಡೆಯಷ್ಟೇ ಸಹಜವಾಗಿ ಅವರು ಇರುತ್ತಾರೆಂದು ಎಲ್ಲರೂ ಎಣಿಸಿಬಿಡುತ್ತಾರೆ. ಅವರಿಗೂ ಒಂದು ಕೆಲಸ ಇಷ್ಟವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಆ ಕಾಲದ ಉಳ್ಳವರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಜಲವರ್ಣ ಕಲಿಸುವುದು ಹೊಸದೇನಲ್ಲ. ಪಿಯಾನೊ, ಕಸೂತಿ, ಸ್ವಲ್ಪ ಫ್ರೆಂಚ್, ಅವುಗಳ ಜೊತೆಗೆ ಹೂವಿನ ಚಿತ್ರ. ತೈಲವರ್ಣ, ದೊಡ್ಡ ಕ್ಯಾನ್ವಾಸು, ಮನುಷ್ಯದೇಹದ ಅಭ್ಯಾಸ ಇವೆಲ್ಲ ಗಂಡಸರ ಪಾಲು. ಹೂವು ಸುರಕ್ಷಿತ, ಚಿಕ್ಕದು, ಯಾರಿಗೂ ಎದುರಾಡುವುದಿಲ್ಲ, ಊಟದ ಮೇಜಿನ ಮೂಲೆಯಲ್ಲೇ ಬರೆದು ಮುಗಿಸಬಹುದು. ಕ್ವೇಕರರ ವಿಷಯಕ್ಕೆ ಬಂದರೆ ಇನ್ನೊಂದು ಸೂಕ್ಷ್ಮವಿದೆ. ಸರಳ ಬದುಕನ್ನು ವ್ರತದಂತೆ ಹಿಡಿದ ಈ ಪಂಗಡದಲ್ಲಿ ಸಂಗೀತ, ಚಿತ್ರಕಲೆಗಳನ್ನು ಆಡಂಬರವೆಂದು ಅನುಮಾನಿಸುವ ವಾಡಿಕೆ ಬಹುಕಾಲ ಇತ್ತು. ಆದರೆ ಗಿಡಮರಗಳನ್ನು, ಕಲ್ಲುಮಣ್ಣನ್ನು ಗಮನವಿಟ್ಟು ನೋಡುವುದು ಅವರಿಗೆ ದೇವರ ಸೃಷ್ಟಿಯನ್ನು ನೋಡಿದ ಹಾಗೆ. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಗಿಡಗಳನ್ನು ಹುಡುಕಿ ತಂದು ತೋಟ ಮಾಡಿದ ಜಾನ್ ಬಾರ್ಟ್ರಮ್ ಇದೇ ಫಿಲಡೆಲ್ಫಿಯಾದ ಕ್ವೇಕರ್. ಆತನ ಮಗ ವಿಲಿಯಂ ಗಿಡಗಳ ಚಿತ್ರಗಳನ್ನೂ ಬರೆದ. ಹೂವನ್ನು ಇದ್ದದ್ದು ಇದ್ದ ಹಾಗೆ ಬರೆಯುವುದಾದರೆ ಅದು ಸತ್ಯ ಹೇಳಿದಂತೆ, ಆಡಂಬರವಲ್ಲ. ಇಷ್ಟು ಕಿರಿದಾದ ಬಾಗಿಲಿನಿಂದ ಮೇರಿ ಒಳಗೆ ಹೋದರು. ಆ ಬಾಗಿಲನ್ನು ಒಡೆಯಲಿಲ್ಲ. ಬಣ್ಣದ ಡಬ್ಬಿಯನ್ನು ಎತ್ತಿಕೊಂಡು ಅದರ ಇನ್ನೊಂದು ಬದಿಯಿಂದ ಹಿಮದ ಬೆಟ್ಟಕ್ಕೆ ಹೊರಟುಬಿಟ್ಟರು.

ಬೆಟ್ಟ ಸಿಕ್ಕದ್ದು 1887ರಲ್ಲಿ. ಕೆನಡಿಯನ್ ಪೆಸಿಫಿಕ್ ರೈಲುದಾರಿ ಪೂರ್ಣಗೊಂಡು ಎರಡೇ ವರ್ಷವಾಗಿತ್ತು. ವಾಕ್ಸ್ ಕುಟುಂಬ ರೈಲು ಹತ್ತಿ ಪಶ್ಚಿಮಕ್ಕೆ ಹೋಯಿತು. ಸೆಲ್ಕರ್ಕ್ ಪರ್ವತಗಳ ನಡುವೆ ಗ್ಲೇಸಿಯರ್ ಹೌಸ್ ಎಂಬ ರೈಲ್ವೆ ಹೋಟೆಲು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಇಲಿಸಿಲ್ಲವೆಟ್ ಹಿಮನದಿ. ಅದರ ಫೋಟೋ ತೆಗೆದರು. 1894ರಲ್ಲಿ ಮತ್ತೆ ಅಲ್ಲಿಗೇ ಹೋದಾಗ ಹಿಮನದಿ ಮೊದಲಿದ್ದ ಜಾಗದಲ್ಲಿರಲಿಲ್ಲ. ಕಣ್ಣಿಗೆ ಕಾಣುವಷ್ಟು ಹಿಂದೆ ಸರಿದಿತ್ತು. ಅಲ್ಲಿಂದಾಚೆಗೆ ಅಕ್ಕ ಮತ್ತು ತಮ್ಮಂದಿರು ಸೇರಿ ಬೇಸಿಗೆಗಳಲ್ಲಿ ಅಳತೆಗೆ ನಿಂತರು. ಒಂದೇ ಜಾಗದಲ್ಲಿ ನಿಂತು ಮತ್ತೆ ಮತ್ತೆ ಫೋಟೋ ತೆಗೆಯುವುದು, ಹಿಮದ ತುದಿ ಎಲ್ಲಿಗೆ ಬಂತೆಂದು ಗುರುತು ಹಾಕುವುದು. ಗಾಜಿನ ಪ್ಲೇಟುಗಳನ್ನು ಕತ್ತಲೆಕೋಣೆಯಲ್ಲಿ ತೊಳೆದು ಚಿತ್ರ ಮೂಡಿಸುವ ಕೆಲಸ ಹೆಚ್ಚಾಗಿ ಮೇರಿಯದು. 1908ರಲ್ಲಿ ಕಿರಿಯ ತಮ್ಮ ವಿಲಿಯಂ ತೀರಿಕೊಂಡ ಮೇಲೂ ಆಕೆ ಅಳತೆಯನ್ನು ಬಿಡಲಿಲ್ಲ. ಹಿಮನದಿಗಳು ಎಷ್ಟು ಕರಗಿವೆ ಎಂದು ಇಂದು ಲೆಕ್ಕಹಾಕುವವರಿಗೆ ಆ ಫೋಟೋಗಳು ಆರಂಭಬಿಂದು. ಬ್ಯಾನ್ಫ್‌ನ ವೈಟ್ ಮ್ಯೂಸಿಯಂನಲ್ಲಿ ಅವು ಇವೆ.

ಹೂವಿನ ಚಿತ್ರಕಾರ್ತಿಯ ಕಥೆಯಲ್ಲಿ ಹಿಮನದಿಗೇನು ಕೆಲಸ ಎನಿಸಬಹುದು. ನನ್ನ ಮಟ್ಟಿಗೆ ಆಕೆಯ ಕಲೆಯ ಗುಟ್ಟು ಇಲ್ಲೇ ಇದೆ. ಹಿಮನದಿ ಚಲಿಸುವುದು ಕಣ್ಣಿಗೆ ಕಾಣುವುದಿಲ್ಲ, ವರ್ಷಗಳ ನಂತರ ಹೋಲಿಸಿದರೆ ಮಾತ್ರ ತಿಳಿಯುತ್ತದೆ. ಹೂವಾದರೋ ಕುಂಚ ಅದ್ದಿ ತೆಗೆಯುವಷ್ಟರಲ್ಲಿ ಬಾಗುತ್ತದೆ. ಒಂದು ತೀರ ನಿಧಾನ, ಇನ್ನೊಂದು ತೀರ ಅವಸರ. ಎರಡನ್ನೂ ನೋಡಲು ಬೇಕಾದ ಶಿಸ್ತು ಮಾತ್ರ ಒಂದೇ: ಇಂದು, ಈ ಹೊತ್ತಿಗೆ, ಇಲ್ಲಿ ಏನಿದೆಯೋ ಅದನ್ನು ಗುರುತು ಮಾಡಿಕೊಳ್ಳುವುದು. ನಾಳೆ ಅದು ಹಾಗಿರುವುದಿಲ್ಲ ಎಂಬ ಅರಿವು. ತಾಯಿ ಹೋದ ಮನೆಯಲ್ಲಿ ಇಪ್ಪತ್ತಕ್ಕೇ ಹೆಗಲು ಕೊಟ್ಟವಳಿಗೆ ಆ ಅರಿವು ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಈ ಬೆಟ್ಟದ ಬೇಸಿಗೆಗಳಲ್ಲೇ ಒಂದು ಸಲ ಒಬ್ಬ ಸಸ್ಯಶಾಸ್ತ್ರಜ್ಞ ಅಪರೂಪದ ಆರ್ನಿಕಾ ಗಿಡ ಹೂಬಿಟ್ಟಿರುವುದನ್ನು ಕಂಡು, ಇದನ್ನು ಬರೆದುಕೊಡುತ್ತೀರಾ ಎಂದು ಮೇರಿಯನ್ನು ಕೇಳಿದರು. ಆಕೆ ಬರೆದುಕೊಟ್ಟರು. ಚೆನ್ನಾಗಿ ಬಂತು. ಆಮೇಲೆ ಸಸ್ಯಚಿತ್ರಣವನ್ನೇ ಗಂಭೀರವಾಗಿ ಹಿಡಿದರು. ಇದನ್ನು ತಿರುವು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ತಿರುಗಿದ್ದು ಏನು? ಆ ದಿನ ಆಕೆಯ ಕೈ ಹೊಸದಾಗಿ ಏನನ್ನೂ ಕಲಿಯಲಿಲ್ಲ. ಎಂಟನೆಯ ವಯಸ್ಸಿನಿಂದ ಆ ಕೈ ತಯಾರಾಗುತ್ತಲೇ ಬಂದಿತ್ತು. ಹೊಸದಾಗಿ ಆದದ್ದು ಇಷ್ಟೇ: ಆಕೆಯ ಕೆಲಸ ಯಾರಿಗೋ ಬೇಕಾಯಿತು. ಚೆನ್ನಾಗಿದೆ ಎಂದು ಹೊಗಳಿದವರು ಹಿಂದೆಯೂ ಇದ್ದಿರಬಹುದು. ಹೊಗಳಿಕೆ ಬೇರೆ, ಬೇಕು ಎನ್ನುವುದು ಬೇರೆ. ಹೊಗಳಿಕೆ ಚಿತ್ರವನ್ನು ಗೋಡೆಗೆ ತೂಗುಹಾಕಿ ಮುಗಿಸುತ್ತದೆ. ಬೇಕು ಎಂದವನು ನಾಳೆ ಮತ್ತೊಂದು ಹೂ ಹಿಡಿದು ಬರುತ್ತಾನೆ. ಮನೆಯವರ ಬೇಕುಗಳನ್ನೆಲ್ಲ ಪೂರೈಸುತ್ತಿದ್ದ ಹೆಂಗಸಿಗೆ, ಆಕೆಯೇ ಬಲ್ಲ ಕೆಲಸವೊಂದು ಬೇಕು ಎಂದು ಹೊರಗಿನವರೊಬ್ಬರು ಕೇಳಿದ್ದು ಅಷ್ಟು ದೊಡ್ಡ ಘಟನೆಯಾಯಿತು.

ಜಲವರ್ಣದ ಕಷ್ಟ ಗೊತ್ತಿಲ್ಲದವರಿಗೆ ಈ ಕೆಲಸದ ಅಳತೆ ಸಿಗಲಾರದು. ಅದಕ್ಕಾಗಿ ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿತ್ತಲಲ್ಲಿ ಬೆಳಗಿನ ಜಾವ ಉದುರಿದ ಪಾರಿಜಾತವನ್ನು ತಟ್ಟೆಯಲ್ಲಿಟ್ಟುಕೊಂಡು ಬರೆಯಲು ಕೂತಿದ್ದೆ. ಮೊದಲ ತೊಡಕು ಬಿಳಿ. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ದಳವನ್ನು ಬರೆಯುವುದೆಂದರೆ ದಳದ ನೆರಳನ್ನು ಮಾತ್ರ ಬರೆಯುವುದು. ಆ ನೆರಳು ಬೂದು ಬಣ್ಣವೆಂದುಕೊಂಡಿದ್ದೆ. ದಿಟ್ಟಿಸಿದರೆ ಒಂದು ಕಡೆ ತಿಳಿನೀಲಿ, ತೊಟ್ಟಿನ ಹತ್ತಿರ ಕೇಸರಿಯ ಸಣ್ಣ ಛಾಯೆ, ಇನ್ನೊಂದು ಕಡೆ ತಟ್ಟೆಯ ಹಸಿರು. ಕಾಗದ ಇನ್ನೂ ಒದ್ದೆಯಿರುವಾಗ ತೊಟ್ಟಿನ ಕೇಸರಿ ಇಟ್ಟರೆ ಅದು ಬಿಳಿಗೆ ಹರಿದು ಹೂವೇ ಹಾಳು. ಒಣಗುವ ತನಕ ಕಾದರೆ ಅಷ್ಟರಲ್ಲಿ ದಳದ ಅಂಚು ಮುದುಡಿ ಆಕಾರವೇ ಬೇರೆ. ಇಷ್ಟರ ನಡುವೆ ಎಣಿಸಿ ನೋಡಿದೆ. ನನ್ನ ಕಾಗದದ ಮೇಲಿನ ಹೂವಿಗೆ ಆರು ದಳ, ತಟ್ಟೆಯಲ್ಲಿದ್ದದ್ದಕ್ಕೆ ಏಳು. ಬಾಲ್ಯದಿಂದ ಆರಿಸಿಕೊಂಡು ಬಂದ ಹೂವು ಅದು. ಕಣ್ಣೆದುರಿನ ಪಾರಿಜಾತವನ್ನು ಪಕ್ಕಕ್ಕಿಟ್ಟು ಕೈ ತಾನಾಗಿಯೇ ತಲೆಯೊಳಗಿನ ಪಾರಿಜಾತವನ್ನು ಬರೆದುಬಿಟ್ಟಿತ್ತು. ನೋಡುವುದಕ್ಕೆ ದೊಡ್ಡ ಅಡ್ಡಿ ಪರಿಚಯ. ಎಷ್ಟು ಹಳೆಯ ಪರಿಚಯವೋ ಅಷ್ಟು ದಪ್ಪ ತೆರೆ.

ನಾನು ಕೂತದ್ದು ಮನೆಯ ಜಗಲಿಯಲ್ಲಿ, ಬೆಚ್ಚನೆಯ ಗಾಳಿಯಲ್ಲಿ. ಮೇರಿ ಕೂತದ್ದು ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಹೋಗಬೇಕಾದ ಎತ್ತರದ ಕಣಿವೆಗಳಲ್ಲಿ, ಡೇರೆಯ ಬಾಗಿಲಲ್ಲಿ. ಕೆಲವೊಮ್ಮೆ ಸೆಟೆದುಕೊಂಡ ಬೆರಳುಗಳನ್ನು ಕಾಯಿಸಿಕೊಳ್ಳಲು ಪಕ್ಕದಲ್ಲಿ ಬೆಂಕಿ ಹಾಕಿಕೊಳ್ಳಬೇಕಾಗುತ್ತಿತ್ತು. ಚಳಿಗೆ ಬಣ್ಣ ಬೇಗ ಆರುವುದಿಲ್ಲ. ಗಾಳಿ ಬಂದರೆ ಹೂವು ಅಲುಗುತ್ತದೆ. ಆ ಬೆಟ್ಟದಲ್ಲಿ ಹೂಬಿಡುವ ಕಾಲವೇ ಕೆಲವು ವಾರ. ಗ್ಲೇಸಿಯರ್ ಲಿಲಿ ಎಂಬ ಹಳದಿ ಹೂವು ಹಿಮ ಕರಗುವ ಅಂಚಿನಲ್ಲೇ, ಕೆಲವೊಮ್ಮೆ ಹಿಮದ ಪದರವನ್ನೇ ತೂರಿಕೊಂಡು ಏಳುತ್ತದೆ. ನೆಲಕ್ಕೆ ಮುಖ ಮಾಡಿ ನಿಲ್ಲುವ ಹೂ, ಆರು ದಳಗಳೂ ಹಿಂದಕ್ಕೆ ಮಡಚಿಕೊಂಡಿರುತ್ತವೆ, ಬುಡದಲ್ಲಿ ಎರಡು ಅಗಲವಾದ ಎಲೆ. ಅದರ ಮುಖ ಕಾಣಬೇಕಾದರೆ ನಾವೇ ನೆಲಕ್ಕೆ ಬಗ್ಗಬೇಕು. ಹಿಮದ ಗೆರೆ ಮೇಲೆ ಸರಿದಂತೆ ಹೂವೂ ಮೇಲೆ ಸರಿಯುತ್ತದೆ. ಅದರ ಹಿಂದೆಯೇ ಹತ್ತಬೇಕು. ಹತ್ತುವುದು ಆಕೆಗೆ ಹೊಸತಲ್ಲ. 1900ರಲ್ಲಿ 3,000 ಮೀಟರಿಗೂ ಎತ್ತರದ ಮೌಂಟ್ ಸ್ಟೀಫನ್ ಶಿಖರವನ್ನೇರಿದ ಮೊದಲ ಮಹಿಳೆ ಆಕೆಯೇ.

ಮೇರಿಗೆ ಒಬ್ಬ ಗೆಳತಿಯಿದ್ದರು, ಆಕೆಯ ಹೆಸರೂ ಮೇರಿ. ಮೇರಿ ಶಾಫರ್. ಆಕೆಯೂ ಅದೇ ಪ್ರಾಂತದ ಕ್ವೇಕರ್ ಮನೆಯ ಮಗಳು, ಆಕೆಯೂ ಹೂವಿನ ಚಿತ್ರ ಬರೆಯುತ್ತಿದ್ದವರು. ಸಸ್ಯಗಳ ಹುಚ್ಚಿದ್ದ ವೈದ್ಯ ಚಾರ್ಲ್ಸ್ ಶಾಫರ್ ಅವರನ್ನು ಮದುವೆಯಾದರು, 1903ರಲ್ಲಿ ವಿಧವೆಯಾದರು. ಗಂಡ ಶುರುಮಾಡಿದ್ದ ಕೆಲಸವನ್ನು ಕೈಬಿಡದೆ, ಕೆನಡಾದ ರಾಕಿ ಪರ್ವತಗಳ ಹೂಗಳ ಪುಸ್ತಕವನ್ನು ಸ್ಟೀವರ್ಡ್‌ಸನ್ ಬ್ರೌನ್ ಬರಹದೊಂದಿಗೆ 1907ರಲ್ಲಿ ಮುಗಿಸಿದರು, ಚಿತ್ರಗಳು ಆಕೆಯವು. ಆಮೇಲೆ ಕುದುರೆಯೇರಿ ಬೆಟ್ಟಗಳ ಒಳನಾಡಿಗೆ ಹೋದರು. 1908ರಲ್ಲಿ ಮಲೀನ್ ಸರೋವರ ತಲುಪಿದ್ದು ಸ್ಟೋನಿ ಜನಾಂಗದ ಸ್ಯಾಮ್ಸನ್ ಬೀವರ್ ನೆನಪಿನಿಂದ ಬರೆದುಕೊಟ್ಟ ನಕ್ಷೆಯನ್ನು ಹಿಡಿದು. ಆ ಹೂಗಳನ್ನೂ ದಾರಿಗಳನ್ನೂ ಬಹಳ ಹಿಂದಿನಿಂದ ಬಲ್ಲವರು ಅಲ್ಲಿದ್ದರು ಎಂಬುದನ್ನು ಆ ಒಂದು ನಕ್ಷೆ ನೆನಪಿಸುತ್ತದೆ. ಅದೇ ಸುಮಾರಿಗೆ ಗೆಳತಿಯ ಹೆಸರನ್ನು ಒಂದು ಶಿಖರಕ್ಕೆ ಇಟ್ಟವರೂ ಶಾಫರ್ ಅವರೇ. ಮೌಂಟ್ ಮೇರಿ ವಾಕ್ಸ್ ಇಂದಿಗೂ ಜಾಸ್ಪರ್ ಪ್ರಾಂತದಲ್ಲಿದೆ. ಈ ಇಬ್ಬರು ಮೇರಿಯರನ್ನು ಜೊತೆಗಿಟ್ಟು ನೋಡಿದಾಗ ಒಂದು ವಿಷಯ ಮನಸ್ಸನ್ನು ಚುಚ್ಚುತ್ತದೆ. ಒಬ್ಬಾಕೆಗೆ ಅವಕಾಶ ತೆರೆದದ್ದು ಗಂಡ ತೀರಿಕೊಂಡ ಮೇಲೆ. ಇನ್ನೊಬ್ಬಾಕೆಗೆ ತೆರೆದದ್ದು ತಂದೆಯ ಮನೆ ಬಿಟ್ಟ ಮೇಲೆ. ಹೆಣ್ಣಿನ ಕೆಲಸದ ಇತಿಹಾಸ ಬರೆಯುವವರು ಕುಟುಂಬದ ಸಾವು ಮದುವೆಗಳ ಪಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಗಂಡು ಕಲಾವಿದರ ವಿಷಯದಲ್ಲಿ ಆ ಪಟ್ಟಿಯನ್ನು ಅಷ್ಟಾಗಿ ನೋಡಬೇಕಾಗಿ ಬರುವುದಿಲ್ಲ.

ತಂದೆಗೆ ಮೇರಿಯ ಮದುವೆ ಇಷ್ಟವಿರಲಿಲ್ಲ. ಮಗಳಿಗೆ ಐವತ್ತು ದಾಟಿದ್ದರೂ ಇಷ್ಟವಿರಲಿಲ್ಲ. ಆಕೆ ಮದುವೆಯಾದದ್ದು ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥ, ಭೂವಿಜ್ಞಾನಿ ಚಾರ್ಲ್ಸ್ ವಾಲ್ಕಾಟ್ ಅವರನ್ನು. ಆತ 1909ರಲ್ಲಿ ಕೆನಡಾದ ಬೆಟ್ಟವೊಂದರ ಇಳಿಜಾರಿನಲ್ಲಿ ಬರ್ಜೆಸ್ ಶೇಲ್ ಎಂಬ ಪಳೆಯುಳಿಕೆಗಳ ಖಜಾನೆಯನ್ನು ಕಂಡುಹಿಡಿದವರು. ಸುಮಾರು 50 ಕೋಟಿ ವರ್ಷ ಹಿಂದಿನ ಸಮುದ್ರಜೀವಿಗಳು, ಮೆತ್ತನೆಯ ಅಂಗಗಳ ಗುರುತು ಕೂಡ ಅಳಿಸದೆ, ಆ ಕಲ್ಲಿನ ಪದರಗಳಲ್ಲಿ ಉಳಿದಿದ್ದವು. ಅಲ್ಲಿಂದ ಆತ 65,000ಕ್ಕೂ ಹೆಚ್ಚು ಮಾದರಿಗಳನ್ನು ಹೊರತೆಗೆದರು. ಮದುವೆಯ ನಂತರ ಬೇಸಿಗೆ ಬಂದರೆ ಇಬ್ಬರೂ ಬೆಟ್ಟದಲ್ಲಿ. ವರ್ಷಕ್ಕೆ ಮೂರು ನಾಲ್ಕು ತಿಂಗಳು ಡೇರೆಯ ಸಂಸಾರ. ಆತ ಕಲ್ಲು ಸೀಳುತ್ತಿದ್ದರು, ಈಕೆ ಹೂ ಬರೆಯುತ್ತಿದ್ದರು. ಐವತ್ತು ಕೋಟಿ ವರ್ಷದ ಹಳೆಯದೂ ಅಂದು ಬೆಳಿಗ್ಗೆ ಅರಳಿದ್ದೂ ಒಂದೇ ಡೇರೆಗೆ ಬರುತ್ತಿದ್ದವು.

ಇಲ್ಲಿ ನಾನು ಹೇಳಲೇಬೇಕಾದ ಒಂದು ಮಾತಿದೆ. ವಾಲ್ಕಾಟ್ ತಮಗೆ ಸಿಕ್ಕ ವಿಚಿತ್ರ ಜೀವಿಗಳನ್ನು ಆಗ ಪರಿಚಿತವಾಗಿದ್ದ ಪ್ರಾಣಿಗುಂಪುಗಳಿಗೇ ಸೇರಿಸಿದರು. ಒಪಾಬಿನಿಯಾ ಎಂಬ ಜೀವಿಯನ್ನು ಸಿಗಡಿಗಳ ದೂರದ ಬಳಗಕ್ಕೆ ಹಾಕಿದ್ದರು. 1970ರ ದಶಕದಲ್ಲಿ ಕೇಂಬ್ರಿಜ್‌ನ ಹ್ಯಾರಿ ವಿಟಿಂಗ್ಟನ್ ಅದೇ ಮಾದರಿಗಳನ್ನು ಮತ್ತೆ ಸೂಕ್ಷ್ಮವಾಗಿ ನೋಡಿದಾಗ ಕಂಡದ್ದು ಐದು ಕಣ್ಣು, ಮುಖದ ಮುಂದೆ ಉದ್ದನೆಯ ಸೊಂಡಿಲು. ಗೊತ್ತಿದ್ದ ಯಾವ ಗುಂಪಿಗೂ ಅದು ಸರಿಹೊಂದಲಿಲ್ಲ. ವಾಲ್ಕಾಟ್ ದೊಡ್ಡ ವಿಜ್ಞಾನಿ, ಅವರು ತೆಗೆದಿಟ್ಟ ಮಾದರಿಗಳಿಲ್ಲದಿದ್ದರೆ ಮರುನೋಟಕ್ಕೆ ದಾರಿಯೇ ಇರುತ್ತಿರಲಿಲ್ಲ. ಆದರೂ ಅವರ ಕಣ್ಣಿಗೆ ಪರಿಚಯದ ತೆರೆ ಅಡ್ಡ ಬಂದದ್ದು ನಿಜ. ಹೆಂಡತಿಯ ಹೂಗಳಿಗೆ ಅಂಥ ತಿದ್ದುಪಡಿಯ ಅಗತ್ಯ ಬೀಳಲಿಲ್ಲ. ಸಸ್ಯಗಳ ಲ್ಯಾಟಿನ್ ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತವೆ, ಕುಲ ಬದಲಾಗುತ್ತದೆ. ಚಿತ್ರದ ಕೆಳಗಿನ ಅಕ್ಷರಗಳನ್ನು ತಿದ್ದಬಹುದು, ಮೇಲಿನ ಹೂವನ್ನು ತಿದ್ದಬೇಕಾಗಿಲ್ಲ. ವಿವರಣೆಗೆ ವಯಸ್ಸಾಗುವಷ್ಟು ಬೇಗ ನಿಷ್ಠೆಯ ನೋಟಕ್ಕೆ ವಯಸ್ಸಾಗುವುದಿಲ್ಲ. ವಿದ್ವತ್ತಿನ ಲೋಕದಲ್ಲಿ ವಿವರಿಸುವವನಿಗೆ ಮೇಲಿನ ಪೀಠ, ಚಿತ್ರ ಬರೆದುಕೊಡುವವಳಿಗೆ ಪಕ್ಕದ ಮಣೆ. ಆ ಏರ್ಪಾಡು ಸರಿಯೇ ಎಂದು ಈ ದಂಪತಿಯನ್ನು ನೋಡಿದ ಮೇಲೆ ಕೇಳಬೇಕೆನಿಸುತ್ತದೆ.

ಚಿತ್ರಗಳನ್ನು ನೋಡಿದರೆ ಆಕೆಯ ದಾರಿ ತಿಳಿಯುತ್ತದೆ. ಹೂವು, ಎಲೆ, ಮೊಗ್ಗು, ಕೆಲವೊಮ್ಮೆ ಬೇರು, ನಿಜವಾದ ಗಾತ್ರದಲ್ಲಿ. ಹಿಂದೆ ಬೆಟ್ಟವಿಲ್ಲ, ಆಕಾಶವಿಲ್ಲ, ಹೂದಾನಿಯಿಲ್ಲ. ತಾಜಾ ಗಿಡವನ್ನು ಮುಂದಿಟ್ಟುಕೊಂಡೇ ಬರೆದದ್ದು. ಸಸ್ಯಶಾಸ್ತ್ರದ ಫಲಕಗಳಲ್ಲಿ ಸಾಮಾನ್ಯವಾಗಿ ಹೂವನ್ನು ಸೀಳಿ ಕೇಸರ, ಅಂಡಾಶಯಗಳನ್ನು ಬೇರೆಬೇರೆಯಾಗಿ ದೊಡ್ಡದು ಮಾಡಿ ತೋರಿಸುತ್ತಾರೆ. ಮೇರಿ ಹೆಚ್ಚಾಗಿ ಹಾಗೆ ಮಾಡಲಿಲ್ಲ. ಗಿಡ ಹೇಗೆ ನಿಲ್ಲುತ್ತದೆ, ಎಲೆ ಯಾವ ಬಾಗಿನಲ್ಲಿ ಹೊರಳುತ್ತದೆ, ಬಾಡಿದ ಹೂವೊಂದು ಅರಳಿದ ಹೂವಿನ ಪಕ್ಕದಲ್ಲಿ ಹೇಗೆ ಜೋತುಬಿದ್ದಿದೆ ಎಂಬ ಕಡೆಗೇ ಆಕೆಯ ಮನಸ್ಸು. ಹೀಗಾಗಿ ಆಕೆ ಎರಡು ಊರುಗಳ ಗಡಿಯಲ್ಲಿ ಮನೆ ಕಟ್ಟಿದಂತಾಯಿತು. ಕಲಾವಿಮರ್ಶಕರಿಗೆ ಇದು ವಿಜ್ಞಾನ, ವಿಜ್ಞಾನಿಗಳಿಗೆ ಇದು ಅಂದ. ಆಕೆಯನ್ನು ‘ಸಸ್ಯಲೋಕದ ಆಡುಬಾನ್’ ಎಂದು ಕರೆದರು, ದೊಡ್ಡ ಹೊಗಳಿಕೆಯೆಂದೇ ಕರೆದರು. ಆಡುಬಾನ್ ಅಮೆರಿಕದ ಹಕ್ಕಿಗಳನ್ನು ಚಿತ್ರಿಸಿದ ಮಹಾನುಭಾವ. ಹಕ್ಕಿಯನ್ನು ಹೊಡೆದು, ತಂತಿ ಕಟ್ಟಿ ನಿಲ್ಲಿಸಿ, ದಿಟ್ಟವಾಗಿ ಬರೆದವನು. ಮೇರಿಯ ಚಿತ್ರಗಳಲ್ಲಿ ಆ ನಾಟಕವಿಲ್ಲ, ಇರಬೇಕಾಗಿಯೂ ಇಲ್ಲ. ಎರವಲು ಹೆಸರಿನಿಂದ ಆಕೆಗೆ ಗೌರವ ಬಂತು, ಆದರೆ ಆಕೆಯ ಸ್ವಂತ ಗುಣ ಅದರಲ್ಲಿ ಮರೆಯಾಯಿತು.

ಆಕೆಗೆ ಇದ್ದ ಅನುಕೂಲಗಳನ್ನೂ ಮುಚ್ಚಿಡಬಾರದು. ಹಣವಿತ್ತು. ರೈಲು, ಹೋಟೆಲು, ಕುದುರೆ, ಡೇರೆ ಹಾಕಿ ಅಡುಗೆ ಮಾಡಿಕೊಡುವ ಜನ ಎಲ್ಲವೂ ಇತ್ತು. ಪುಸ್ತಕ ಹೊರತಂದ ಸಂಸ್ಥೆಗೆ ಗಂಡನೇ ಮುಖ್ಯಸ್ಥ. ನ್ಯೂಯಾರ್ಕಿನ ಸುತ್ತಮುತ್ತ ಹೆಸರು ಮಾಡಿದ್ದ ಮುದ್ರಕ ವಿಲಿಯಂ ಎಡ್ವಿನ್ ರಜ್ ಈ ಚಿತ್ರಗಳಿಗಾಗಿಯೇ ಬಣ್ಣದ ಮುದ್ರಣದ ಹೊಸ ವಿಧಾನವೊಂದನ್ನು ಪಳಗಿಸಿದರು. ಅದಕ್ಕೆ ಸ್ಮಿತ್‌ಸೋನಿಯನ್ ವಿಧಾನವೆಂದೇ ಹೆಸರಾಯಿತು. ಸಾಮಾನ್ಯ ಮನೆಯ ಹೆಣ್ಣುಮಗಳೊಬ್ಬಳು ಇಷ್ಟೇ ಚೆನ್ನಾಗಿ ಬರೆದಿದ್ದರೆ 400 ಚಿತ್ರಗಳ ಐದು ಸಂಪುಟ ಬರುತ್ತಿತ್ತೇ? ಬರುತ್ತಿರಲಿಲ್ಲ. ಇದನ್ನು ಹೇಳುವುದರಿಂದ ಮೇರಿಯ ಸಾಧನೆ ಕಿರಿದಾಗುವುದಿಲ್ಲ. ಮನಸ್ಸಿದ್ದರೆ ಮಾರ್ಗ ಎಂದು ಆಕೆಯ ಕಥೆಯನ್ನು ಉಪದೇಶವಾಗಿಸಿ ಇತರರ ಮೇಲೆ ಹೊರಿಸುವುದು ಮಾತ್ರ ಅನ್ಯಾಯ. ಇಷ್ಟೆಲ್ಲ ಅನುಕೂಲವಿದ್ದ ಮನೆಯಲ್ಲೂ ಒಬ್ಬ ಮಗಳ ಕೆಲಸ ಬೆಳಕು ಕಾಣಲು ಅರವತ್ತೈದು ವರ್ಷ ಬೇಕಾಯಿತು ಎಂಬುದೇ ನನ್ನನ್ನು ಕಾಡುವ ಸಂಗತಿ. ಅನುಕೂಲವಿಲ್ಲದ ಮನೆಗಳ ಲೆಕ್ಕವನ್ನು ಇದರಿಂದಲೇ ಊಹಿಸಬಹುದು.

1927ರ ಫೆಬ್ರುವರಿಯಲ್ಲಿ ವಾಲ್ಕಾಟ್ ತೀರಿಕೊಂಡರು. ಸಂಪುಟಗಳು ಇನ್ನೂ ಅಚ್ಚಾಗುತ್ತಿದ್ದವು. ಮೇರಿ ನಿಲ್ಲಲಿಲ್ಲ. ಅದೇ ವರ್ಷ ಮೂಲನಿವಾಸಿಗಳ ವ್ಯವಹಾರ ನೋಡುವ ಸರ್ಕಾರಿ ಮಂಡಳಿಯ ಸದಸ್ಯೆಯಾಗಿ 1932ರವರೆಗೆ ಪಶ್ಚಿಮದ ಮೀಸಲು ಪ್ರದೇಶಗಳನ್ನು ಸುತ್ತಿದರು. 1933ರಲ್ಲಿ ಮಹಿಳಾ ಭೂಗೋಳಜ್ಞರ ಸಂಘದ ಅಧ್ಯಕ್ಷೆಯಾದರು. 1935ರಲ್ಲಿ, 75ರ ವಯಸ್ಸಿನಲ್ಲಿ, ಹೂಜಿ ಗಿಡಗಳ ಮೇಲೆ ಹದಿನೈದು ಚಿತ್ರಗಳ ಇನ್ನೊಂದು ಪುಸ್ತಕ ಬಂತು. ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಆ ಗಿಡಗಳು ಜೌಗಿನಲ್ಲಿ ಬೆಳೆಯುವಂಥವು. ಹಿಮದ ಹೂಗಳ ಕಲಾವಿದೆ ಎಂದು ಲೋಕ ಹೆಸರಿಟ್ಟ ಮೇಲೆ ಆಕೆ ಜೌಗಿಗೆ ಇಳಿದರಲ್ಲ ಎಂಬುದು ನನಗೆ ಬಹಳ ಹಿಡಿಸಿದ ವಿಷಯ. ಐದು ಸಂಪುಟಗಳ ಮಾರಾಟದಿಂದ ಬಂದ ಹಣ ಸ್ಮಿತ್‌ಸೋನಿಯನ್ ಸಂಸ್ಥೆಯ ನಿಧಿಗೆ ಹೋಯಿತು. 1940ರ ಆಗಸ್ಟ್ 22ರಂದು ಕೆನಡಾದ ಸೇಂಟ್ ಆಂಡ್ರೂಸ್‌ನಲ್ಲಿ ಆಕೆ ತೀರಿಕೊಂಡರು.

ಈಗ ತಡ ಎಂಬ ಮಾತಿಗೆ ಬರೋಣ. ಎಂಟಕ್ಕೆ ಬಣ್ಣ ಹಿಡಿದವಳು ಎಂಬತ್ತರ ತನಕ ಕೆಲಸ ಬಿಡಲಿಲ್ಲ. ಇದರಲ್ಲಿ ಆಕೆ ತಡಮಾಡಿದ್ದು ಎಲ್ಲಿ? ನನ್ನ ಕಣ್ಣಿಗೆ ಕಾಣುವುದು ಎಂದೂ ಅರಳದೆ ಉಳಿಯದ ಗಿಡ. ನೋಡುವವರು ಬಂದದ್ದು ತಡ. ಆದರೂ ಈ ಉತ್ತರದಿಂದ ನನಗೆ ಪೂರ್ತಿ ಸಮಾಧಾನವಿಲ್ಲ. ಮೂವತ್ತನಾಲ್ಕು ವರ್ಷದ ಮನೆವಾರ್ತೆ ಆಕೆಯಿಂದ ಕಿತ್ತುಕೊಂಡದ್ದೆಷ್ಟು, ಕೊಟ್ಟದ್ದೆಷ್ಟು? ಕಿತ್ತುಕೊಂಡದ್ದು ಚಳಿಗಾಲಗಳನ್ನು, ಹರೆಯವನ್ನು, ಬರೆಯದೇ ಉಳಿದ ನೂರಾರು ಹೂಗಳನ್ನು. ಕೊಟ್ಟದ್ದು ಸಿಕ್ಕ ಅರ್ಧ ಗಂಟೆಯನ್ನು ಪೂರ್ತಿ ಬಳಸುವ ಅಭ್ಯಾಸ, ಅಡ್ಡಿ ಬಂದರೆ ಸಿಡುಕದೆ ಮತ್ತೆ ಅಲ್ಲಿಂದಲೇ ಮುಂದುವರಿಯುವ ತಾಳ್ಮೆ. ಡೇರೆಯ ಬಾಗಿಲಲ್ಲಿ ಕೂತು, ಬಾಡುವ ಮೊದಲು ಹೂವನ್ನು ಹಿಡಿಯಲು ಬೇಕಾದದ್ದು ಅದೇ ಅಭ್ಯಾಸ. ಹಾಗೆಂದು ಆ ವರ್ಷಗಳು ಒಳ್ಳೆಯದಕ್ಕೇ ಆದವು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಷ್ಟದಿಂದ ಒಬ್ಬರು ಏನನ್ನೋ ಗಳಿಸಿಕೊಂಡರೆ ಅದು ಅವರ ಜಾಣ್ಮೆ, ಕಷ್ಟಕ್ಕೆ ಅದರ ಕೀರ್ತಿ ಸಲ್ಲಬಾರದು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈಗ ಮೊಬೈಲಿನಲ್ಲಿ ಒಂದು ಕ್ಷಣಕ್ಕೆ ಹೂವಿನ ಚಿತ್ರ ಸಿಗುವಾಗ ಗಂಟೆಗಟ್ಟಲೆ ಕೂತು ಬರೆಯುವುದೇಕೆ? ಮೇರಿಯ ಕಾಲದಲ್ಲೂ ಈ ಪ್ರಶ್ನೆ ಇತ್ತು. ಆಕೆಯೇ ನುರಿತ ಫೋಟೋಗ್ರಾಫರ್. ಹಿಮನದಿಗೆ ಕ್ಯಾಮೆರಾ, ಹೂವಿಗೆ ಕುಂಚ ಎಂದು ಆಕೆ ಆರಿಸಿಕೊಂಡದ್ದು ತಿಳಿದೇ. ಆಗಿನ ಕ್ಯಾಮೆರಾಕ್ಕೆ ಬಣ್ಣ ಸುಲಭವಾಗಿ ದಕ್ಕುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಪಾರಿಜಾತದ ಏಳನೆಯ ದಳ. ಫೋಟೋ ತೆಗೆದಿದ್ದರೆ ಏಳೂ ದಳ ಬರುತ್ತಿದ್ದವು, ನಾನು ಮಾತ್ರ ಆರು ದಳದ ಹೂವನ್ನೇ ನಂಬಿಕೊಂಡು ಇರುತ್ತಿದ್ದೆ. ಬರೆಯಲು ಕೂತದ್ದರಿಂದ ತಪ್ಪು ಕಾಗದದ ಮೇಲೆ ಬಂತು, ಬಂದದ್ದರಿಂದ ಕಣ್ಣಿಗೆ ಬಿತ್ತು. ಚಿತ್ರ ಹೇಗೆ ಬಂತೆಂಬುದು ಆಮೇಲಿನ ಮಾತು.

ಮೇರಿಯ ಮೂಲ ಜಲವರ್ಣಗಳು ನೂರಾರು ಸಂಖ್ಯೆಯಲ್ಲಿ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿವೆ. 2020ರಿಂದ ಆ ಸಂಸ್ಥೆ ತನ್ನ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಿ ಇಳಿಸಿಕೊಳ್ಳುವಂತೆ ಅಂತರಜಾಲದಲ್ಲಿ ತೆರೆದಿಟ್ಟಿದೆ. ಧಾರವಾಡದಲ್ಲಿ ಕೂತರೂ, ದಾವಣಗೆರೆಯಲ್ಲಿ ಕೂತರೂ ಸಿಗುತ್ತದೆ. ಐದು ಸಂಪುಟಗಳಲ್ಲಿ ಚಿತ್ರದ ಜೊತೆಗೆ ಗಿಡದ ಹೆಸರು, ಆ ಮಾದರಿ ಸಿಕ್ಕ ಜಾಗ ಇವುಗಳ ಟಿಪ್ಪಣಿ ಇದೆ. ಆ ಟಿಪ್ಪಣಿಯಿಂದಾಗಿಯೇ ಅದು ಇಂದಿಗೂ ಕೆಲಸಕ್ಕೆ ಬರುವ ದಾಖಲೆ. ನಮ್ಮ ಮನೆಗಳ ಟ್ರಂಕುಗಳಲ್ಲಿ, ಹಳೆಯ ನೋಟುಬುಕ್ಕುಗಳ ನಡುವೆ ಅತ್ತೆಯರು, ಚಿಕ್ಕಮ್ಮಂದಿರು, ಅಕ್ಕಂದಿರು ಬರೆದ ಹೂವಿನ ಚಿತ್ರಗಳು ಇದ್ದರೆ ದಯವಿಟ್ಟು ಹುಡುಕಿ ತೆಗೆಯಿರಿ. ಬರೆದವರು ಇನ್ನೂ ಇದ್ದರೆ ಅವರನ್ನೇ ಕೇಳಿ, ಪ್ರತಿ ಚಿತ್ರದ ಹಿಂಬದಿಯಲ್ಲಿ ಅವರ ಹೆಸರು, ಹೂವಿನ ಹೆಸರು, ಊರು, ವರ್ಷ ಇಷ್ಟನ್ನು ಪೆನ್ಸಿಲಿನಲ್ಲಿ ಬರೆದಿಡಿ. ಆಮೇಲೆ ಇನ್ನೊಂದು ಚಿತ್ರ ಬರೆದುಕೊಡಿ ಎಂದು ಅವರನ್ನು ಕೇಳಿ.